ಅಡಿಕೆ ಗೊನೆಯ ತೊಟ್ಟೆ ಮತ್ತು 1715ರ ದಿಬ್ಬ: ಒಂದು ಪ್ರಕರಣ ಅಧ್ಯಯನ

ಕಾಸರಗೋಡಿನ ಉತ್ತರ ಭಾಗದಲ್ಲಿ, ಬದಿಯಡ್ಕ, ಪೆರ್ಲದ ಕಡೆ, ಮಳೆಗಾಲ ಹತ್ತಿರ ಬಂತೆಂದರೆ ಅಡಿಕೆ ಬೆಳೆಯುವವರಿಗೆ ಕೊಳೆರೋಗದ ಚಿಂತೆ. ಮೈಲುತುತ್ತ ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಹೊಡೆಯುವುದು ಎಲ್ಲರಿಗೂ ಗೊತ್ತಿರುವ ದಾರಿ. ಇನ್ನೊಂದು ದಾರಿ, ಮಳೆ ಹಿಡಿಯುವ ಮೊದಲೇ ಗೊನೆಗೆ ಪಾಲಿಥಿನ್ ತೊಟ್ಟೆ, ಅಂದರೆ ಚೀಲ, ಕಟ್ಟಿಬಿಡುವುದು. ನೀರು ಬೀಳದಿದ್ದರೆ ರೋಗ ತರುವ ಫೈಟಾಫ್ತೊರಾ ಕಾಯಿಗೆ ಹತ್ತುವುದು ಕಷ್ಟ. ಆದರೆ ತೊಟ್ಟೆಗೆ ದುಡ್ಡು ಬೇಕು, ಮರ ಹತ್ತಿ ಕಟ್ಟುವವರು ಬೇಕು. ಹಾಗಾಗಿ ಒಮ್ಮೆ ಕಟ್ಟಿದ ತೊಟ್ಟೆಯನ್ನು ಬಿಚ್ಚಿ, ತೊಳೆದು, ಮುಂದಿನ ಮಳೆಗೂ ಇಟ್ಟುಕೊಳ್ಳಬಹುದಾ ಎಂಬ ಪ್ರಶ್ನೆ ಸಹಜ.

ಆ ಪ್ರಶ್ನೆ ಇಲ್ಲಿನ ಒಂದು ಕಾಲೇಜಿನ ಪ್ರಯೋಗಾಲಯಕ್ಕೆ ಬಂತು. ತೋಟದ ಯಜಮಾನರೊಬ್ಬರು ತಾವೇ ಬಂದು ಕೇಳಿದರು: "ಮೇಡಂ, ಕಳೆದ ವರ್ಷದ ತೊಟ್ಟೆ ಈ ವರ್ಷಕ್ಕೂ ಆಗ್ತದಾ? ನೋಡ್ಲಿಕ್ಕೆ ಚೆನ್ನಾಗಿಯೇ ಉಂಟು." ಮೇಡಂ ಅದನ್ನು ತಮ್ಮ ಸಂಶೋಧನಾ ವಿದ್ಯಾರ್ಥಿನಿಗೆ ಕೆಲಸವಾಗಿ ಕೊಟ್ಟರು. ಅಳೆಯುವ ಯಂತ್ರದ ಉಸ್ತುವಾರಿ ನನ್ನದು. ಕಾಲೇಜು, ವಿದ್ಯಾರ್ಥಿನಿ, ತೋಟ, ತೊಟ್ಟೆ ಮಾಡಿದ ಕಂಪೆನಿ, ಯಾವುದರ ಹೆಸರೂ ಇಲ್ಲಿ ಬರುವುದಿಲ್ಲ. ತೆಳು ಪ್ಲಾಸ್ಟಿಕ್ಕನ್ನು ಇನ್‌ಫ್ರಾರೆಡ್‌ನಲ್ಲಿ ಅಳೆಯುವ ಯಾರಿಗೂ ಈ ತೊಂದರೆ ಬರಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ಅಳೆಯಬೇಕಾಗಿದ್ದು ಏನು

ಪಾಲಿಥಿನ್ ಬಿಸಿಲಿಗೆ ಬಿದ್ದರೆ ಅದರ ಉದ್ದನೆಯ ಸರಪಳಿಗಳು ಗಾಳಿಯ ಆಮ್ಲಜನಕದ ಜೊತೆ ಸೇರಿ ಅಲ್ಲಲ್ಲಿ ತುಂಡಾಗುತ್ತವೆ. ತುಂಡಾದ ಕಡೆ ಕಾರ್ಬೊನಿಲ್ ಎಂಬ ಗುಂಪು ಹುಟ್ಟುತ್ತದೆ. ಪ್ಲಾಸ್ಟಿಕ್ ಗಡಸಾಗಿ ಹರಿಯುವುದಕ್ಕೂ ಇದಕ್ಕೂ ನೇರ ಸಂಬಂಧವಿದೆ. ವಸ್ತು ಯಾವ ಇನ್‌ಫ್ರಾರೆಡ್ ಬೆಳಕನ್ನು ಎಷ್ಟು ಹೀರುತ್ತದೆ ಎಂದು ತೋರಿಸುವ ಎಫ್‌ಟಿಐಆರ್ ಯಂತ್ರದಲ್ಲಿ ಈ ಕಾರ್ಬೊನಿಲ್ 1715ರ ಹತ್ತಿರ ಒಂದು ಪೀಕ್ ಆಗಿ ಕಾಣುತ್ತದೆ. 1715 ಅಂದರೆ ಒಂದು ಸೆಂಟಿಮೀಟರ್ ಉದ್ದದಲ್ಲಿ ಅಷ್ಟು ತರಂಗಗಳು. ಮುಂದೆಲ್ಲ ಬರೀ ಸಂಖ್ಯೆ ಬರೆಯುತ್ತೇನೆ. ಎಸ್ಟರ್ ರೀತಿಯ ಕಾರ್ಬೊನಿಲ್ ಆದರೆ ಸ್ವಲ್ಪ ಮೇಲೆ, 1740ರ ಆಸುಪಾಸಿನಲ್ಲಿ ಬರುತ್ತದೆ. ಪಾಲಿಥಿನ್‌ನದೇ ಆದ, ಹಳತಾದರೂ ಹೆಚ್ಚು ಬದಲಾಗದ 1465ರ ಪೀಕ್ ಇದೆ. 1715ರದ್ದನ್ನು 1465ರದ್ದರಿಂದ ಭಾಗಿಸಿದರೆ ಸಿಗುವುದೇ ಕಾರ್ಬೊನಿಲ್ ಇಂಡೆಕ್ಸ್. ಇದು ಜಾಸ್ತಿಯಾದಷ್ಟೂ ಪ್ಲಾಸ್ಟಿಕ್ ಕೆಟ್ಟಿದೆ ಎಂದು ಲೆಕ್ಕ.

ತೊಟ್ಟೆಗಳು ಎರಡು ಬಗೆಯವು. ಒಂದು ಅಂಗಡಿಯಲ್ಲಿ ಸಿಗುವ ಸಾದಾ ಅಗ್ಗದ್ದು. ಇನ್ನೊಂದು ಬಿಸಿಲು ತಡೆಯುತ್ತದೆ ಎಂದು ಮಾರುವ ಯುವಿ ತೊಟ್ಟೆ. ಎರಡೂ 125 ಗೇಜಿನವು, ಅಂದರೆ ಸುಮಾರು 32 ಮೈಕ್ರಾನ್ ದಪ್ಪ. ಹೊಸತು ಮತ್ತು ಒಂದು ಮಳೆಗಾಲ ಮರದಲ್ಲಿ ಕಳೆದದ್ದು, ಎರಡನ್ನೂ ಕತ್ತರಿಸಿ, ರಟ್ಟಿನ ಚೌಕಟ್ಟಿಗೆ ಅಂಟಿಸಿ, ಬೆಳಕು ಆರುಪಾರು ಹಾಯುವಂತೆ ಇಟ್ಟು ಅಳೆದರು.

ಅರ್ಥವಾಗದ ಅಂಕಿಗಳು

ಬಂದ ಅಂಕಿ ನೋಡಿ ವಿದ್ಯಾರ್ಥಿನಿಗೆ ತಲೆಬುಡ ತಿಳಿಯಲಿಲ್ಲ. ಪ್ಯಾಕೆಟ್ ಈಗಷ್ಟೇ ಒಡೆದ ಹೊಸ ತೊಟ್ಟೆಯಲ್ಲೇ 1715ರಲ್ಲಿ ಒಂದು ಅಗಲದ ದಿಬ್ಬ. ಮರದಲ್ಲಿ ಕಳೆದ ಹಳೆಯ ತೊಟ್ಟೆಯಲ್ಲಿ ಅದು ಕಡಿಮೆ. ಅಂದರೆ ಮಳೆಗಾಲ ಕಳೆದ ಪ್ಲಾಸ್ಟಿಕ್ ಹೊಸದಕ್ಕಿಂತ ಚೆನ್ನಾಗಿದೆ! ಅದೇ ಹೊಸ ತೊಟ್ಟೆಯ ಪಕ್ಕದ ತುಂಡು ಅಳೆದರೆ ದಿಬ್ಬ ಇದ್ದ ಕಡೆ ಹಳ್ಳ. ಅಗ್ಗದ್ದು ಯುವಿಗಿಂತ ಉತ್ತಮ ಎಂದೂ ಪಟ್ಟಿ ಹೇಳುತ್ತಿತ್ತು.

ಮೇಡಂಗೆ ಮೊದಲು ಬಂದ ಅನುಮಾನ ಒಳ್ಳೆಯದೇ. ಯುವಿ ತಡೆಯಲು ಪ್ಲಾಸ್ಟಿಕ್ಕಿಗೆ ಸೇರಿಸುವ ಎಚ್‌ಎಎಲ್‌ಎಸ್ ಎಂಬ ವಸ್ತುಗಳಲ್ಲಿ ಬಹಳಷ್ಟಕ್ಕೆ ಎಸ್ಟರ್ ಗುಂಪು ಇರುತ್ತದೆ. ಅದು ಹೊಸದರಲ್ಲೇ ಕಾಣಬೇಕು, ಬಿಸಿಲಿಗೆ ಖರ್ಚಾದಂತೆ ಕಡಿಮೆಯಾಗಬೇಕು. ಆದರೆ ಅಗ್ಗದ ತೊಟ್ಟೆಯಲ್ಲಿ ಅಂಥದ್ದು ಏಕೆ ಇರುತ್ತದೆ? ಪಕ್ಕದ ತುಂಡಿನಲ್ಲಿ ಅದು ಏಕೆ ಮಾಯವಾಗುತ್ತದೆ?

ಇನ್ನೊಂದು ಅನುಮಾನ ಹವೆಯ ಮೇಲೆ. ನಮ್ಮ ಕರಾವಳಿಯ ಜೂನ್ ಜುಲೈಯಲ್ಲಿ ಕೋಣೆಯ ಗಾಳಿಯಲ್ಲೇ ನೀರು. ನೀರಾವಿಯ ಗೆರೆಗಳು ಈ ಭಾಗದಲ್ಲೇ ಬರುತ್ತವೆ, ನಿಜ. ಆದರೆ ಅವು ಸೂಜಿಯಷ್ಟು ಸಪೂರ, ಸಾಲುಸಾಲಾಗಿ ಬರುತ್ತವೆ. ಇದು ಅಗಲವಾದ, ನಯವಾದ ದಿಬ್ಬ. ನೀರಾವಿ ಅಲ್ಲ.

ಹಾಗಾದರೆ ಗದ್ದಲ, ಅಂದರೆ ಯಂತ್ರದ ಗೊತ್ತುಗುರಿಯಿಲ್ಲದ ಏರಿಳಿತ, ಇರಬಹುದು ಎಂದು, ಸರಾಸರಿಗಾಗಿ ಮತ್ತೆ ಮತ್ತೆ ಅಳೆಯುವ ಸ್ಕ್ಯಾನ್‌ಗಳನ್ನು 32ರಿಂದ 256ಕ್ಕೆ ಏರಿಸಿದರು. ಗೆರೆ ನಯವಾಯಿತು. ದಿಬ್ಬ ಕದಲಲಿಲ್ಲ. ಇನ್ನೂ ಸ್ಪಷ್ಟವಾಗಿ ಕಂಡಿತು, ಅಷ್ಟೇ. ಗದ್ದಲ ಆಗಿದ್ದರೆ ಎಂಟು ಪಟ್ಟು ಸ್ಕ್ಯಾನಿಗೆ ಅದು ಮೂರನೇ ಒಂದು ಭಾಗದ ಹತ್ತಿರಕ್ಕೆ ಇಳಿಯಬೇಕಿತ್ತು.

ಇಡೀ ಗೆರೆ ನೋಡಿದ ದಿನ

ಇದುವರೆಗೆ ಅವರು ಮುದ್ರಿಸುತ್ತಿದ್ದುದು 1800ರಿಂದ 650ರವರೆಗಿನ ಭಾಗ ಮಾತ್ರ. ಬೇಕಾದ ಪೀಕ್‌ಗಳೆಲ್ಲ ಅಲ್ಲೇ ಇದ್ದವು, ಅಲ್ವಾ? ಒಂದು ಸಂಜೆ ಮೇಡಂ 4000ದಿಂದ ಪೂರ್ತಿ ತೆಗೆದು ತೋರಿಸು ಎಂದರು. ಈ ಪ್ರಕರಣ ತಿರುಗಿದ್ದು ಅಲ್ಲಿ.

2000ದಿಂದ 2600ರವರೆಗೆ ಪಾಲಿಥಿನ್‌ಗೆ ಹೆಚ್ಚುಕಡಿಮೆ ಏನೂ ಇಲ್ಲ. 2020ರಲ್ಲಿ ಒಂದು ಸಣ್ಣ ಪೀಕ್ ಬಿಟ್ಟರೆ ಗೆರೆ ನೇರ ಇರಬೇಕು. ಆದರೆ ಕಾಗದದ ಮೇಲೆ ಇದ್ದದ್ದು ಅಲೆ. ಏರು, ಇಳಿ, ಏರು, ಇಳಿ, ಅಳತೆ ಇಟ್ಟು ಬರೆದ ಹಾಗೆ ಒಂದೇ ಅಂತರದಲ್ಲಿ. ವಿದ್ಯಾರ್ಥಿನಿ ಸ್ಕೇಲ್ ಇಟ್ಟು ತುದಿಯಿಂದ ತುದಿಗೆ ಅಳೆದಳು. ಐದು ಅಲೆಗೆ 521. ಒಂದಕ್ಕೆ ಸುಮಾರು 104. ಅದೇ ಲೆಕ್ಕದಲ್ಲಿ ಗುರುತು ಹಾಕುತ್ತಾ ಎಡದಿಂದ ಬಲಕ್ಕೆ ಬಂದಾಗ ಒಂದು ಗುರುತು ಸರಿಯಾಗಿ 1715ರ ಮೇಲೆ ಕೂತಿತು.

ಅದು ಕಾರ್ಬೊನಿಲ್ ಅಲ್ಲ. ಅದು ಫ್ರಿಂಜ್, ಬೆಳಕು ತನ್ನ ಜೊತೆಗೇ ಸೇರಿ ಮಾಡಿಕೊಂಡ ಅಲೆ.

ಆಗುವುದು ಹೀಗೆ. ಬೆಳಕು ತೊಟ್ಟೆಯ ಮುಖಕ್ಕೆ ಬಿದ್ದಾಗ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ. ಪಾಲಿಥಿನ್‌ನ ವಕ್ರೀಭವನ ಸೂಚ್ಯಂಕ, ಅಂದರೆ ಅದರೊಳಗೆ ಬೆಳಕು ಎಷ್ಟು ಪಟ್ಟು ನಿಧಾನವಾಗುತ್ತದೆ ಎಂಬ ಸಂಖ್ಯೆ, ಸುಮಾರು 1.5. ಅದಕ್ಕೆ ಗಾಳಿಯ ಜೊತೆ ಒಂದೊಂದು ಮುಖದಲ್ಲೂ ಶೇಕಡ 4ರಷ್ಟು ಪ್ರತಿಫಲನ. ಒಳಗೆ ಹೋದ ಬೆಳಕಿನಲ್ಲಿ ಒಂದು ಪಾಲು ಹಿಂದಿನ ಮುಖಕ್ಕೆ ತಾಗಿ, ಮುಂದಿನ ಮುಖಕ್ಕೆ ಮರಳಿ, ಮತ್ತೆ ಹೊರಗೆ ಬರುತ್ತದೆ. ನೇರ ಹೋದ ಬೆಳಕಿಗಿಂತ ಅದು ದಪ್ಪದ ಎರಡರಷ್ಟು ದೂರ ಜಾಸ್ತಿ ನಡೆದಿರುತ್ತದೆ. ಕೆಲವು ತರಂಗಗಳಿಗೆ ಇವೆರಡೂ ಕೂಡಿಕೊಳ್ಳುತ್ತವೆ, ಕೆಲವಕ್ಕೆ ಕಳೆದುಕೊಳ್ಳುತ್ತವೆ. ಮಳೆ ನೀರಿನ ಮೇಲೆ ಹರಡಿದ ಡೀಸೆಲ್‌ನಲ್ಲಿ ಬಣ್ಣ ಕಾಣುವುದು ಇದೇ ಕಾರಣಕ್ಕೆ.

ಶೇಕಡ 4 ಅಂದರೆ ಸಣ್ಣದು ಅನ್ನಿಸುತ್ತದೆ. ಆದರೆ ಎರಡು ಮುಖದ ಬೆಳಕು ಸೇರಿದಾಗ ಅಲೆಯ ತುದಿಗೂ ಬುಡಕ್ಕೂ ಶೇಕಡ 15ರ ವ್ಯತ್ಯಾಸ ಬರುತ್ತದೆ. ಪೀಕ್‌ಗಳ ಎತ್ತರ ಹೇಳುವ ಅಬ್ಸಾರ್ಬೆನ್ಸ್ ಲೆಕ್ಕದಲ್ಲಿ 0.07. ಇಷ್ಟು ತೆಳು ತೊಟ್ಟೆ ಸ್ವಲ್ಪವೇ ಕೆಟ್ಟಿದ್ದರೆ ಅದರ ನಿಜವಾದ ಕಾರ್ಬೊನಿಲ್ ಕೂಡ ಇದೇ ಅಳತೆಯ ಆಸುಪಾಸಿನಲ್ಲಿರುತ್ತದೆ. ತೊಂದರೆಯ ಬೇರು ಇದೇ. ಎತ್ತರ ಒಂದೇ ತರಹ, ಅಗಲವೂ ಹೆಚ್ಚುಕಡಿಮೆ ಒಂದೇ ತರಹ.

ಪಕ್ಕದ ತುಂಡಿನಲ್ಲಿ ಹಳ್ಳ ಬಂದದ್ದಕ್ಕೂ ಲೆಕ್ಕ ಸಿಕ್ಕಿತು. 1715ರಲ್ಲಿ ದಿಬ್ಬವೋ ಹಳ್ಳವೋ ಎಂಬುದು ದಪ್ಪದ ಮೇಲೆ ನಿಂತಿದೆ. 32 ಮೈಕ್ರಾನ್ ಇದ್ದದ್ದು 31 ಆದರೆ ಸಾಕು, ಅಲೆ ಅರ್ಧ ಸರಿಯುತ್ತದೆ, ದಿಬ್ಬ ಹಳ್ಳವಾಗುತ್ತದೆ. ಊದಿ ತಯಾರಿಸುವ ಪಾಲಿಥಿನ್‌ನಲ್ಲಿ ಒಂದು ಗೇಣಿನೊಳಗೆ ಒಂದು ಮೈಕ್ರಾನ್ ಹೆಚ್ಚುಕಡಿಮೆ ಇರುವುದು ಮಾಮೂಲು.

ಹಳೆಯ ತೊಟ್ಟೆ ಚೆನ್ನಾಗಿ ಕಂಡದ್ದು ಏಕೆ? ಮರದ ಮೇಲೆ ತಿಂಗಳುಗಟ್ಟಲೆ ಗಾಳಿಗೆ ಉಜ್ಜಿ, ಪಾಚಿ ಹಿಡಿದು, ಅದರ ಮೈ ಒರಟಾಗಿತ್ತು. ಮುಖ ನುಣುಪಿಲ್ಲದಿದ್ದರೆ ಪ್ರತಿಫಲನಗಳು ಸರಿಯಾಗಿ ಕೂಡುವುದಿಲ್ಲ, ಫ್ರಿಂಜ್ ಮಂಕಾಗುತ್ತದೆ. ಹೊಸದರ ಸುಳ್ಳು ದಿಬ್ಬ ದೊಡ್ಡದು, ಹಳೆಯದರ ಸುಳ್ಳು ದಿಬ್ಬ ಸಣ್ಣದು. ಇಡೀ ಪಟ್ಟಿ ತಲೆಕೆಳಗಾಗಿದ್ದು ಹೀಗೆ.

ಓರೆ ಮಾಡಿ ನೋಡುವ ಪರೀಕ್ಷೆ

ಫ್ರಿಂಜ್ ಹೌದೋ ಅಲ್ಲವೋ ಎಂದು ತಿಳಿಯಲು ಸುಲಭದ ಪರೀಕ್ಷೆ ಇದೆ. ತುಂಡನ್ನು ಬೆಳಕಿಗೆ ಸ್ವಲ್ಪ ಓರೆ ಮಾಡಿ ಇಡಿ. ನಿಜವಾದ ಪೀಕ್ ಇದ್ದಲ್ಲೇ ಇರುತ್ತದೆ. ಫ್ರಿಂಜ್ ಸರಿಯುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ವಿದ್ಯಾರ್ಥಿನಿ ಮೊದಲು 30 ಡಿಗ್ರಿ ಓರೆ ಮಾಡಿದಳು. ದಿಬ್ಬ ಅಲ್ಲೇ ಇತ್ತು! "ಮೇಡಂ, ಇದು ನಿಜವಾದ ಪೀಕೇ" ಎಂದಳು. ಮೇಡಂ ಒಪ್ಪಲಿಲ್ಲ. 20 ಡಿಗ್ರಿಯಲ್ಲೂ ನೋಡು ಎಂದರು. 20ರಲ್ಲಿ ಅದೇ ಜಾಗದಲ್ಲಿ ಹಳ್ಳ. ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. 32 ಮೈಕ್ರಾನಿನ ತೊಟ್ಟೆ 30 ಡಿಗ್ರಿ ವಾಲಿದಾಗ ಅಲೆ ಹೆಚ್ಚುಕಡಿಮೆ ಒಂದು ಪೂರ್ತಿ ಅಂತರ ಸರಿಯುತ್ತದೆ. ಒಂದು ದಿಬ್ಬ ಹೋಗಿ ಪಕ್ಕದ ದಿಬ್ಬ ಬಂದು ಅಲ್ಲೇ ಕೂರುತ್ತದೆ. 20 ಡಿಗ್ರಿಯಲ್ಲಿ ಅರ್ಧದ ಹತ್ತಿರ ಸರಿಯುತ್ತದೆ. ಒಂದೇ ಕೋನದಲ್ಲಿ ನೋಡಿ ತೀರ್ಮಾನ ಮಾಡಬೇಡಿ. ಎರಡಾದರೂ ಬೇಕು, ಜೊತೆಗೆ ಖಾಲಿ ಇರಬೇಕಾದ 2000 – 2600ರ ಭಾಗವನ್ನೂ ನೋಡಬೇಕು.

ತೆಗೆಯುವ ಪ್ರಯತ್ನಗಳು

ಕಾಯಿಲೆ ಗೊತ್ತಾಯಿತು. ಮದ್ದು ಹುಡುಕುವಾಗ ಅಭಿಪ್ರಾಯ ಎರಡಾಯಿತು. ವಿದ್ಯಾರ್ಥಿನಿಗೆ ಪ್ರಬಂಧ ಕೊಡುವ ದಿನ ಹತ್ತಿರ ಬರುತ್ತಿತ್ತು. ಅಳೆದದ್ದೆಲ್ಲ ಕಂಪ್ಯೂಟರಿನಲ್ಲಿದೆ, ಅಲ್ಲೇ ಅಳಿಸಿಬಿಡೋಣ ಎಂಬುದು ಅವಳ ವಾದ. ಅಲೆ ಹುಟ್ಟದ ಹಾಗೆ ಮತ್ತೆ ಅಳೆಯೋಣ ಎಂಬುದು ಮೇಡಂ ಅವರದು.

ಬೇಗ ಕೈಬಿಟ್ಟವನ್ನು ಬೇಗ ಹೇಳುತ್ತೇನೆ. ಬೇಸ್‌ಲೈನ್ ತಿದ್ದುವುದರಿಂದ, ಅಂದರೆ ಪೀಕ್‌ಗಳ ಬುಡದ ಗೆರೆ ಸರಿಪಡಿಸುವುದರಿಂದ, ಏನೂ ಆಗಲಿಲ್ಲ. ದಿಬ್ಬದ ಎರಡು ಬುಡಕ್ಕೆ ಗೆರೆ ಎಳೆದರೆ ದಿಬ್ಬ ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಸ್ಮೂತಿಂಗ್ ಮಾಡಿ ಗೆರೆಯನ್ನು ನಯಗೊಳಿಸಿದರೆ ಅಲೆ ಹೋಗುವಷ್ಟರಲ್ಲಿ ಕಾರ್ಬೊನಿಲ್ಲೂ ಹೋಗುತ್ತದೆ. ಹಳೆಯದರಿಂದ ಹೊಸದನ್ನು ಕಳೆದರೆ ಎರಡು ಬೇರೆ ಬೇರೆ ಅಲೆ ಸೇರಿ ಇನ್ನೂ ಗೋಜಲು. ಒಂದು ಸೈನ್ ಅಲೆ ಹೊಂದಿಸಿ ಕಳೆಯುವುದು 2000 – 2600ರಲ್ಲಿ ಚೆನ್ನಾಗಿ ಕೂತಿತು. ಆದರೆ ದೊಡ್ಡ ಪೀಕ್‌ಗಳ ಹತ್ತಿರ ವಕ್ರೀಭವನ ಸೂಚ್ಯಂಕವೇ ಬದಲಾಗುತ್ತದೆ, ಅಲೆಯ ಹೆಜ್ಜೆ ತಪ್ಪುತ್ತದೆ. ಬೇಕಾದ ಕಡೆಯೇ ಅದು ಹೊಂದಲಿಲ್ಲ.

ತೊಟ್ಟೆಯ ಮೈಯನ್ನು ನಯವಾದ ಎಮರಿ ಕಾಗದದಿಂದ ಉಜ್ಜಿದರೆ ಫ್ರಿಂಜ್ ಹೋಗುತ್ತದೆ. ಬೇರೆ ಕೆಲಸಕ್ಕೆ ಇದು ಒಳ್ಳೆಯ ಉಪಾಯ. ಇಲ್ಲಿ ಆಗದು. ಬಿಸಿಲಿಗೆ ಕೆಡುವುದು ಮೊದಲು ಮೇಲಿನ ಪದರ. ಅದನ್ನೇ ಉಜ್ಜಿ ತೆಗೆದರೆ ಅಳೆಯಲು ಬಂದದ್ದೇ ಕಾಗದಕ್ಕೆ ಹೋಗುತ್ತದೆ.

ಎಟಿಆರ್‌ನಲ್ಲಿ ಅಳೆಯಿರಿ, ಫ್ರಿಂಜಿನ ತಂಟೆಯೇ ಇಲ್ಲ ಎಂದು ಬೇರೊಬ್ಬರು ಸಲಹೆ ಕೊಟ್ಟರು. ವಜ್ರದ ಹರಳಿಗೆ ತುಂಡನ್ನು ಒತ್ತಿ ಅಳೆಯುವ ವಿಧಾನ ಅದು. ಅಲೆ ನಿಜವಾಗಿಯೂ ಬರಲಿಲ್ಲ. ಆದರೆ 1715ರಲ್ಲಿ ಎಟಿಆರ್ ನೋಡುವುದು ಮೇಲಿನ ಒಂದು ಮೈಕ್ರಾನಿನ ಆಸುಪಾಸು ಮಾತ್ರ. ತೋಟದಿಂದ ಬಂದ ತೊಟ್ಟೆಯ ಆ ಒಂದು ಮೈಕ್ರಾನಿನಲ್ಲಿ ಏನಿರುತ್ತದೆ? ಪಕ್ಕದ ಮರಗಳಿಗೆ ಹೊಡೆದ ಬೋರ್ಡೋ ತೊಟ್ಟೆಯ ಮೇಲೂ ಹನಿ ಹನಿಯಾಗಿ ಬಿದ್ದಿರುತ್ತದೆ. ಅದರ ಸುಣ್ಣ ಗಾಳಿಗೆ ಕಾರ್ಬೊನೇಟ್ ಆಗುತ್ತದೆ. ಕಾರ್ಬೊನೇಟಿನ ಅಗಲದ ಪೀಕ್ 1430ರ ಹತ್ತಿರ ಬಂದು ನಮ್ಮ 1465ರ ಮೇಲೆ ಮಲಗಿಬಿಡುತ್ತದೆ. 875ರಲ್ಲಿ ಅದರ ಸಪೂರ ಪೀಕ್ ಕಂಡ ಮೇಲೆ ಸಂಶಯ ಉಳಿಯಲಿಲ್ಲ. ಅಂದಿನಿಂದ ಹಳೆಯ ತುಂಡುಗಳನ್ನು ತೆಳು ವಿನೆಗರ್‌ನಲ್ಲಿ ಅದ್ದಿ, ಶುದ್ಧ ನೀರಿನಲ್ಲಿ ತೊಳೆದು, ಒಣಗಿಸಿದ ಮೇಲೆಯೇ ಅಳೆಯುವುದು ರೂಢಿಯಾಯಿತು. ಎಟಿಆರ್ ಮೇಲ್ಪದರದ ಸ್ಥಿತಿ ಹೇಳುತ್ತದೆ. ತೊಟ್ಟೆ ಹರಿಯುತ್ತದಾ ಎಂದು ಕೇಳುವಾಗ ಪೂರ್ತಿ ದಪ್ಪದ ಮಾತು ಬೇಕು.

ಇಂಟರ್‌ಫೆರೋಗ್ರಾಮಿನ ಒಂದು ಚೂರು

ಇನ್ನು ಅತಿ ಆಕರ್ಷಕವಾದ ದಾರಿ. ಎಫ್‌ಟಿಐಆರ್ ಯಂತ್ರ ನೇರವಾಗಿ ಸ್ಪೆಕ್ಟ್ರಮ್, ಅಂದರೆ ಇದುವರೆಗೆ ನೋಡಿದ ಪೀಕ್‌ಗಳ ಗೆರೆ, ಅಳೆಯುವುದಿಲ್ಲ. ಒಳಗೆ ಬೆಳಕು ಎರಡು ಕಿರಣವಾಗಿ ಒಡೆದು ಮತ್ತೆ ಸೇರುತ್ತದೆ. ಒಂದು ಕನ್ನಡಿ ಚಲಿಸುತ್ತದೆ, ಆ ಎರಡು ಕಿರಣಗಳ ದಾರಿಯ ವ್ಯತ್ಯಾಸ ಹೆಚ್ಚುತ್ತಾ ಹೋಗುತ್ತದೆ. ಪ್ರತಿ ಹೆಜ್ಜೆಯಲ್ಲೂ ಬಂದ ಬೆಳಕು ದಾಖಲಾಗುತ್ತದೆ. ಅದು ಇಂಟರ್‌ಫೆರೋಗ್ರಾಮ್. ನಡುವೆ ಒಂದು ದೊಡ್ಡ ಚಿಮ್ಮು, ಎರಡು ಕಡೆ ಇಳಿಯುವ ಬಾಲ. ಅದಕ್ಕೆ, ಬಿಡಿಬಿಡಿ ತರಂಗಗಳಾಗಿ ಬೇರ್ಪಡಿಸುವ ಫೂರಿಯರ್ ಲೆಕ್ಕ ಹಚ್ಚಿದರೆ ಸ್ಪೆಕ್ಟ್ರಮ್.

ಸ್ಪೆಕ್ಟ್ರಮ್‌ನಲ್ಲಿ ಉದ್ದಕ್ಕೂ ಹರಡಿದ ಒಂದೇ ಅಂತರದ ಅಲೆ ಇಂಟರ್‌ಫೆರೋಗ್ರಾಮ್‌ನಲ್ಲಿ ಒಂದೇ ಜಾಗದಲ್ಲಿ ಸಣ್ಣ ಚಿಮ್ಮಾಗಿ ಕೂತಿರುತ್ತದೆ. ಎಲ್ಲಿ ಎಂದರೆ ದಾರಿಯ ವ್ಯತ್ಯಾಸ ಸೂಚ್ಯಂಕ ಮತ್ತು ದಪ್ಪದ ಗುಣಲಬ್ಧದ ಎರಡರಷ್ಟಾಗುವಲ್ಲಿ. ನಮ್ಮ ತೊಟ್ಟೆಗೆ ಅದು 96 ಮೈಕ್ರಾನ್. ಹೀಲಿಯಂ-ನಿಯಾನ್ ಲೇಸರಿನ ಪ್ರತಿ ತರಂಗಕ್ಕೆ, ಅಂದರೆ 0.6328 ಮೈಕ್ರಾನಿಗೆ ಒಂದರಂತೆ ಬಿಂದು ತೆಗೆದರೆ, ನಡುವಿನಿಂದ ಸುಮಾರು 150 ಬಿಂದು ದೂರ. ಹೋಗಿ ನೋಡಿದರೆ ಅಲ್ಲೇ ಇತ್ತು.

ಅಷ್ಟು ನೋಡಲೂ ಒಂದು ಅಡ್ಡಿ ಬಂತು. ಯಂತ್ರದ ಸಾಫ್ಟ್‌ವೇರ್ ಸ್ಪೆಕ್ಟ್ರಮ್ ಮಾತ್ರ ಉಳಿಸುತ್ತಿತ್ತು, ಇಂಟರ್‌ಫೆರೋಗ್ರಾಮ್ ಬಿಸಾಡುತ್ತಿತ್ತು. ಉಳಿಸು ಎಂಬ ಆಯ್ಕೆಯನ್ನು ಸೆಟಿಂಗ್‌ನಲ್ಲಿ ಹುಡುಕಿ ಹಾಕಬೇಕಾಯಿತು. ನಿಮ್ಮ ಯಂತ್ರದಲ್ಲೂ ಇವತ್ತೇ ನೋಡಿ. ಡಿಸ್ಕಿನಲ್ಲಿ ಜಾಗ ಹಿಡಿಯುವುದು ಸ್ವಲ್ಪ, ಉಪಯೋಗ ಬಹಳ.

ಆ ಸಣ್ಣ ಚಿಮ್ಮನ್ನು ತೆಗೆದು ಆ ಜಾಗಕ್ಕೆ ನೇರ ಗೆರೆ ಹಾಕಿದಳು. ಮತ್ತೆ ಸ್ಪೆಕ್ಟ್ರಮ್ ಮಾಡಿದಳು. ಅಲೆ ಮಾಯ! 2000 – 2600 ಹಾಳೆಯಷ್ಟು ನೇರ. ವಿದ್ಯಾರ್ಥಿನಿಗೆ ಕೆಲಸ ಮುಗಿದಂತೆ ಅನ್ನಿಸಿತು. ನೋಡಿದವರಿಗೆಲ್ಲ ಹಾಗೇ ಅನ್ನಿಸಿತು.

ಮೇಡಂ ಒಂದು ಪ್ರಶ್ನೆ ಕೇಳಿದರು: "ಚಿಮ್ಮು ಇರುವ ಜಾಗದಲ್ಲಿ ಚಿಮ್ಮು ಮಾತ್ರ ಇದೆ ಎಂದು ಹೇಗೆ ಗೊತ್ತು?" ಈ ಇಡೀ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಈ ಪ್ರಶ್ನೆ. ಅಗಲದ ಪೀಕ್‌ಗಳ ಮಾಹಿತಿ ಇಂಟರ್‌ಫೆರೋಗ್ರಾಮಿನ ನಡುವಿಗೆ ಹತ್ತಿರ ಇರುತ್ತದೆ, ಸಪೂರ ಪೀಕ್‌ಗಳದ್ದು ದೂರದವರೆಗೆ ಹರಡುತ್ತದೆ. 32 ಮೈಕ್ರಾನಿನ ತೊಟ್ಟೆಯ ಚಿಮ್ಮು ನಡುವಿಗೆ ಬಹಳ ಹತ್ತಿರ. ಕಾರ್ಬೊನಿಲ್‌ನ ಪಾಲು ಅಲ್ಲಿ ಇನ್ನೂ ಧಾರಾಳ ಇದೆ. ಕತ್ತರಿ ಹಾಕಿದಾಗ ಅದಕ್ಕೂ ಪೆಟ್ಟು ಬೀಳುತ್ತದೆ.

ಅನುಮಾನ ಬಾಯಿಮಾತಿನಲ್ಲಿ ಉಳಿಯಬಾರದು ಎಂದು ಅವರು ಪರೀಕ್ಷೆಯನ್ನೂ ಹೇಳಿದರು. ಫ್ರಿಂಜ್ ಇಲ್ಲವೇ ಇಲ್ಲದ, ಆದರೆ ಕಾರ್ಬೊನಿಲ್ ಇರುವ ಒಂದು ಸ್ಪೆಕ್ಟ್ರಮ್ ತಾ. ಅದರ ಇಂಟರ್‌ಫೆರೋಗ್ರಾಮಿನಲ್ಲಿ ಅದೇ ಜಾಗದಲ್ಲಿ ಅಷ್ಟನ್ನೇ ಕತ್ತರಿಸು. ಪೀಕ್ ಹಾಗೇ ಉಳಿದರೆ ನಿನ್ನ ದಾರಿ ಸರಿ. ಫ್ರಿಂಜ್ ಇಲ್ಲದ ಸ್ಪೆಕ್ಟ್ರಮ್ ಹೇಗೆ ಸಿಕ್ಕಿತು ಎಂದು ಮುಂದೆ ಹೇಳುತ್ತೇನೆ. ಪರೀಕ್ಷೆಯ ಫಲ ಮಾತ್ರ ಸ್ಪಷ್ಟ: ಕಾರ್ಬೊನಿಲ್ ಪೀಕ್ ಕಣ್ಣಿಗೆ ಕಾಣುವಷ್ಟು ಕುಗ್ಗಿತು, ಎರಡು ಪಕ್ಕದಲ್ಲಿ ಮೊದಲು ಇಲ್ಲದ ತಗ್ಗುಗಳು ಹುಟ್ಟಿದವು. ನೇರವಾದ ಗೆರೆ ಚಂದ ಕಂಡರೂ ಅಂಕಿ ಸುಳ್ಳಾಗಿತ್ತು. ವಿದ್ಯಾರ್ಥಿನಿ ಆ ದಾರಿಯನ್ನು ತಾನೇ ಬಿಟ್ಟಳು.

ಎಣ್ಣೆ ಹಚ್ಚಿದ್ದು

ಫ್ರಿಂಜ್ ಹುಟ್ಟುವುದು ಪ್ರತಿಫಲನದಿಂದ. ಪ್ರತಿಫಲನ ಹುಟ್ಟುವುದು ಗಾಳಿಯ ಸೂಚ್ಯಂಕ 1, ಪ್ಲಾಸ್ಟಿಕ್‌ನದು 1.5 ಆದ್ದರಿಂದ. ಗಾಳಿಯ ಜಾಗಕ್ಕೆ 1.5ರ ಹತ್ತಿರದ ಬೇರೇನಾದರೂ ತಂದರೆ? ಪ್ರಯೋಗಾಲಯದ ಕಪಾಟಿನಲ್ಲಿ ನುಜಾಲ್ ಇತ್ತು, ಅಂದರೆ ಶುದ್ಧ ಪ್ಯಾರಫಿನ್ ಎಣ್ಣೆ. ಸೂಚ್ಯಂಕ ಸುಮಾರು 1.47. ಅದರ ಮತ್ತು ಪಾಲಿಥಿನ್ ನಡುವಿನ ಪ್ರತಿಫಲನ ಶೇಕಡ 4ರಿಂದ 0.01ಕ್ಕೆ ಇಳಿಯುತ್ತದೆ. ಎರಡು ಪೊಟ್ಯಾಸಿಯಂ ಬ್ರೋಮೈಡ್ ಬಿಲ್ಲೆಗಳ ನಡುವೆ, ಎರಡೂ ಕಡೆ ಎಣ್ಣೆ ಹನಿಸಿ, ಗುಳ್ಳೆ ಇಲ್ಲದ ಹಾಗೆ ತುಂಡನ್ನು ಒತ್ತಿ ಇಟ್ಟರು. ಬಿಲ್ಲೆಯ ಸೂಚ್ಯಂಕ 1.53, ಅದೂ ಹತ್ತಿರವೇ. ಅಲೆ ಹುಟ್ಟಲೇ ಇಲ್ಲ.

ಇದರಲ್ಲೂ ತೊಡಕು ಇದೆ. ಎಣ್ಣೆಯೂ ಪಾಲಿಥಿನ್‌ನ ಹಾಗೆ ಹೈಡ್ರೋಕಾರ್ಬನ್. 1715ರಲ್ಲಿ ಅದಕ್ಕೆ ಏನೂ ಇಲ್ಲ, ಅದು ಒಳ್ಳೆಯದು. ಆದರೆ 1465ರಲ್ಲಿ ಅದಕ್ಕೂ ದೊಡ್ಡ ಪೀಕ್ ಇದೆ. ಕಾರ್ಬೊನಿಲ್ ಸಿಕ್ಕಿತು, ಭಾಗಿಸಲು ಬೇಕಾದ ಪೀಕ್ ಕೈತಪ್ಪಿತು. ಭಾಗಿಸುವುದು ಏಕೆ? ತುಂಡಿನ ದಪ್ಪದ ವ್ಯತ್ಯಾಸ ಅಂಕಿಯಲ್ಲಿ ಬರಬಾರದು ಎಂದು. ಹಾಗಾದರೆ ದಪ್ಪವನ್ನೇ ನೇರವಾಗಿ ಅಳೆದರೆ ಆಯಿತಲ್ಲ?

ದಪ್ಪ ಅಳೆಯುವ ಸಾಧನ ಆಗಲೇ ಅವರ ಕೈಯಲ್ಲಿತ್ತು. ಇಷ್ಟು ದಿನ ಕಾಟ ಕೊಟ್ಟ ಫ್ರಿಂಜೇ ಅದು. ಅಲೆಗಳ ಸಂಖ್ಯೆಯನ್ನು ಅವು ಹಿಡಿದ ಅಂತರದಿಂದ ಭಾಗಿಸಿ, ಮತ್ತೆ ಸೂಚ್ಯಂಕದ ಎರಡರಷ್ಟರಿಂದ ಭಾಗಿಸಿದರೆ ದಪ್ಪ ಸೆಂಟಿಮೀಟರಿನಲ್ಲಿ ಬರುತ್ತದೆ. ಐದು ಅಲೆಗೆ 521 ಎಂದರೆ 5 ÷ (2 × 1.5 × 521), ಅಂದರೆ 0.0032 ಸೆಂಟಿಮೀಟರ್, 32 ಮೈಕ್ರಾನ್. ಅದೂ ಬೆಳಕು ಹಾಯ್ದ ಅದೇ ಜಾಗದ ದಪ್ಪ. ಮೈಕ್ರೋಮೀಟರಿನಲ್ಲಿ ಮೆತ್ತಗಿನ ಪ್ಲಾಸ್ಟಿಕ್ ಒತ್ತಿ ಅಳೆಯುವುದಕ್ಕಿಂತ ಇದು ಎಷ್ಟೋ ವಾಸಿ. ಈ ಉಪಾಯ ಹೊಳೆದದ್ದು ವಿದ್ಯಾರ್ಥಿನಿಗೆ. ಹೇಳುವಾಗ ಅವಳ ಮುಖದಲ್ಲಿ ಇದ್ದ ಖುಷಿ ನನಗೆ ಚೆನ್ನಾಗಿ ನೆನಪಿದೆ.

ಕ್ರಮ ಹೀಗೆ ನಿಂತಿತು. ತೊಳೆದು ಒಣಗಿಸಿದ ತುಂಡನ್ನು ಮೊದಲು ಗಾಳಿಯಲ್ಲಿ ಅಳೆದು ಫ್ರಿಂಜಿನಿಂದ ದಪ್ಪ ತೆಗೆಯುವುದು. ಅದೇ ಜಾಗಕ್ಕೆ ಎಣ್ಣೆ ಹಚ್ಚಿ ತಡಮಾಡದೆ ಕಾರ್ಬೊನಿಲ್ ಅಳೆಯುವುದು. ತಡಮಾಡಬಾರದು, ಏಕೆಂದರೆ ಎಣ್ಣೆ ನಿಧಾನಕ್ಕೆ ಪಾಲಿಥಿನ್ ಒಳಗೆ ಇಳಿಯುತ್ತದೆ. ಆ ತುಂಡು ಮತ್ತೆ ಬೇರೆ ಪರೀಕ್ಷೆಗೆ ಬರುವುದಿಲ್ಲ. ಕೊನೆಗೆ 1715ರ ಎತ್ತರವನ್ನು ದಪ್ಪದಿಂದ ಭಾಗಿಸುವುದು. ಹಳೆಯ ತೊಟ್ಟೆಯ ಕೆಲವು ತುಂಡುಗಳಲ್ಲಿ ಫ್ರಿಂಜ್ ತೀರಾ ಮಂಕಾಗಿ ಎಣಿಸಲು ಬರಲಿಲ್ಲ. ಅಲ್ಲಿ ಅಳತೆಗೆ ಕತ್ತರಿಸಿದ ಚೌಕವನ್ನು ತೂಗಿ, ಸಾಂದ್ರತೆ 0.92 ಎಂದು ಹಿಡಿದು ದಪ್ಪ ಲೆಕ್ಕ ಹಾಕಿದರು. ಮಳೆಗಾಲದಲ್ಲಿ ಬ್ರೋಮೈಡ್ ಬಿಲ್ಲೆಗಳನ್ನು ಹೊರಗೆ ಬಿಟ್ಟರೆ ನೀರು ಹೀರಿ ಮಬ್ಬಾಗುತ್ತವೆ. ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡೆಸಿಕೇಟರ್‌ನಿಂದ ತೆಗೆದು, ಅಳೆದು, ಕೂಡಲೇ ಒಳಗಿಡಬೇಕು.

ಇನ್ನೊಂದು ದಾರಿಯಲ್ಲಿ ತಾಳೆ

ಹೊಸ ಕ್ರಮವನ್ನು ಸುಮ್ನೆ ನಂಬಬಾರದು ಎಂದು ಗಡಿಯ ಆಚೆಯ ಒಂದು ದೊಡ್ಡ ಪ್ರಯೋಗಾಲಯದಲ್ಲಿ ಕೆಲವು ತುಂಡುಗಳನ್ನು ಬೇರೆ ರೀತಿ ಅಳೆಸಿದರು. ಪ್ರತಿಫಲನವೇ ಇಲ್ಲದ ಒಂದು ಕೋನ ಇದೆ ಎಂದು ಡೇವಿಡ್ ಬ್ರೂಸ್ಟರ್ 1815ರಲ್ಲಿ ತೋರಿಸಿದ್ದರು. ಸೂಚ್ಯಂಕ 1.5 ಆದರೆ ಆ ಕೋನ ಸುಮಾರು 56 ಡಿಗ್ರಿ. ಬೆಳಕನ್ನು ಪೋಲರೈಸರ್ ಮೂಲಕ ಹಾಯಿಸಿ, ಅದರ ಕಂಪನ ಬೆಳಕು ಬೀಳುವ ಸಮತಲದಲ್ಲೇ ಇರುವಂತೆ ಮಾಡಿ, ತುಂಡನ್ನು 56 ಡಿಗ್ರಿ ವಾಲಿಸಿದರೆ ಫ್ರಿಂಜ್ ಇರುವುದಿಲ್ಲ. ಎಣ್ಣೆ ಬೇಡ, 1465 ಕೂಡ ಉಳಿಯುತ್ತದೆ. ಬೆಳಕು ತುಂಡಿನೊಳಗೆ ನಡೆಯುವ ದೂರ 1.2 ಪಟ್ಟು ಆಗುತ್ತದೆ, ಆದರೆ ಭಾಗಿಸುವಾಗ ಅದು ಹೊಡೆದುಹೋಗುತ್ತದೆ. ಬೆಳಕಿನ ಚುಕ್ಕೆ 1.8 ಪಟ್ಟು ಉದ್ದವಾಗುತ್ತದೆ, ಹಾಗಾಗಿ ಚೌಕಟ್ಟಿನ ಕಿಂಡಿ ದೊಡ್ಡದು ಬೇಕು. ಇನ್ನೊಂದು ಎಚ್ಚರ: ಊದಿದ ಪಾಲಿಥಿನ್‌ನಲ್ಲಿ ಸರಪಳಿಗಳು ಎಳೆದ ದಿಕ್ಕಿಗೆ ಸ್ವಲ್ಪ ವಾಲಿರುತ್ತವೆ. ಪೋಲರೈಸ್ ಮಾಡಿದ ಬೆಳಕಿಗೆ ಆ ದಿಕ್ಕು ತಿಳಿಯುತ್ತದೆ. ತುಂಡನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಇಟ್ಟರೆ ಪೀಕ್‌ಗಳ ಅನುಪಾತ ಬದಲಾಗುತ್ತದೆ. ಕತ್ತರಿಸುವಾಗಲೇ ಮೂಲೆಯಲ್ಲಿ ದಿಕ್ಕಿನ ಗುರುತು ಹಾಕಿಕೊಳ್ಳಬೇಕು.

ತುಂಡುಗಳನ್ನು ಕಾರ್ಬೊನಿಲ್ ಕಡಿಮೆಯಿಂದ ಜಾಸ್ತಿಗೆ ಜೋಡಿಸಿದಾಗ ಎರಡು ವಿಧಾನದಲ್ಲೂ ಒಂದೇ ಸಾಲು ಬಂತು. ದಿನನಿತ್ಯಕ್ಕೆ ಎಣ್ಣೆ, ತಕರಾರು ಬಂದರೆ ಬ್ರೂಸ್ಟರ್ ಕೋನ ಎಂದು ತೀರ್ಮಾನವಾಯಿತು.

ಆದದ್ದು

ಅಗ್ಗದ ಹೊಸ ತೊಟ್ಟೆಯ 1715ರ ದಿಬ್ಬ ಪೂರ್ತಿ ಹೋಯಿತು. ಯುವಿ ತೊಟ್ಟೆಯ ಹೊಸದರಲ್ಲಿ ಮಾತ್ರ 1740ರಲ್ಲಿ ಒಂದು ಸಣ್ಣ ಪೀಕ್ ಉಳಿಯಿತು. ಓರೆ ಮಾಡಿದರೂ ಕದಲಲಿಲ್ಲ, ಎಣ್ಣೆಯಲ್ಲೂ ಇತ್ತು. ಮೇಡಂ ಮೊದಲ ದಿನ ಹೇಳಿದ ಸೇರಿಸಿದ ವಸ್ತುವಿನ ಎಸ್ಟರ್‌ಗೆ ಅದು ಹೊಂದುತ್ತದೆ. ಫ್ರಿಂಜಿನ ಮರೆಯಲ್ಲಿ ನಿಜವಾದ ಪೀಕೂ ಇತ್ತು ಅಂತ ಆಯಿತು. ಹೊಸದರಲ್ಲಿ ಕಂಡದ್ದೆಲ್ಲ ಸುಳ್ಳು ಎಂದು ಸಾರಾಸಗಟಾಗಿ ಅಳಿಸಿದ್ದರೆ ಅದೂ ಹೋಗುತ್ತಿತ್ತು.

ಒಂದು ಮಳೆಗಾಲ ಕಳೆದ ಅಗ್ಗದ ತೊಟ್ಟೆಯಲ್ಲಿ ಕಾರ್ಬೊನಿಲ್ ಸ್ಪಷ್ಟವಾಗಿ ಏರಿತ್ತು. ಕಟ್ಟಿದ ಬಾಯಿಯ ಹತ್ತಿರದ ಮಡಿಕೆಗಳಲ್ಲಿ, ಬಿಸಿಲು ಹೆಚ್ಚು ಬೀಳುವ ಮೇಲ್ಭಾಗದಲ್ಲಿ ಜಾಸ್ತಿ. ಯುವಿ ತೊಟ್ಟೆಯಲ್ಲಿ ಏರಿಕೆ ಬಹಳ ಕಡಿಮೆ. ಹಳೆಯ ಪಟ್ಟಿ ಹೇಳಿದ್ದಕ್ಕೆ ಪೂರ್ತಿ ಉಲ್ಟಾ. ಪ್ರಬಂಧದ ಆ ಅಧ್ಯಾಯವನ್ನು ಮೊದಲಿನಿಂದ ಬರೆದಳು, ಕೊಡುವ ದಿನ ಮುಂದೆ ಹೋಯಿತು.

ಯಜಮಾನರಿಗೆ ಮೇಡಂ ಕೊಟ್ಟ ಉತ್ತರ ನೇರ ಇತ್ತು. ಅಗ್ಗದ್ದು ಒಂದೇ ಮಳೆಗೆ ಸರಿ, ಮತ್ತೆ ಕಟ್ಟಬೇಡಿ. ಯುವಿಯದ್ದನ್ನು ತೋಟದ ಒಂದು ಮೂಲೆಯಲ್ಲಿ ಎರಡನೇ ಮಳೆಗೆ ಕಟ್ಟಿ ನೋಡೋಣ, ಪೂರ್ತಿ ತೋಟಕ್ಕೆ ಬೇಡ. ಕಾರ್ಬೊನಿಲ್ ಒಂದು ಸೂಚನೆ ಮಾತ್ರ. ಹರಿಯುವ ಮೊದಲು ಪ್ಲಾಸ್ಟಿಕ್ ಎಷ್ಟು ಹಿಗ್ಗುತ್ತದೆ ಎಂಬ ಪರೀಕ್ಷೆಯೂ ಆಗಬೇಕು.

ಅವರು ಮುಂದಿನ ಪ್ರಶ್ನೆಯನ್ನೂ ತಂದಿದ್ದರು. ಅಡಿಕೆ ಒಣಗಿಸುವ ಸೋಲಾರ್ ಮನೆಯ ಮೇಲೆ ಹಾಸಿದ 200 ಮೈಕ್ರಾನಿನ ಶೀಟು ಇನ್ನೆಷ್ಟು ವರ್ಷ ಬರುತ್ತದೆ? ಅಲ್ಲಿ ಲೆಕ್ಕವೇ ಬೇರೆ. 200 ಮೈಕ್ರಾನಿಗೆ ಫ್ರಿಂಜ್ ಅಂತರ 17ರ ಹತ್ತಿರ, ಕಾರ್ಬೊನಿಲ್ ಅದಕ್ಕಿಂತ ಎಷ್ಟೋ ಅಗಲ. ಇಂಟರ್‌ಫೆರೋಗ್ರಾಮ್‌ನಲ್ಲಿ ಅದರ ಚಿಮ್ಮು 600 ಮೈಕ್ರಾನ್ ದೂರದಲ್ಲಿ, ನಡುವಿನಿಂದ ಸುಮಾರು 950 ಬಿಂದು ಆಚೆ. ಅಷ್ಟು ದೂರಕ್ಕೆ ಕಾರ್ಬೊನಿಲ್‌ನ ಪಾಲು ತಲುಪುವುದಿಲ್ಲ. ತೊಟ್ಟೆಗೆ ಬೇಡ ಎಂದು ಬಿಟ್ಟ ಕತ್ತರಿಯನ್ನು ಇಲ್ಲಿ ಧೈರ್ಯವಾಗಿ ಹಾಕಬಹುದು. 720 ಮತ್ತು 730ರ ಸಪೂರ ಜೋಡಿ ಪೀಕ್ ಓದುವವರು ಮಾತ್ರ ಹಾಗೆ ಮಾಡಬಾರದು, ಅವುಗಳ ಮಾಹಿತಿ ಅಲ್ಲಿಯವರೆಗೂ ಹರಡಿರುತ್ತದೆ. ಈ ದಪ್ಪದಲ್ಲಿ 1465 ತುದಿ ಮುಟ್ಟಿ ಚಪ್ಪಟೆಯಾಗಿರುತ್ತದೆ, ಭಾಗಿಸಲು 2020ರ ಸಣ್ಣ ಪೀಕೇ ಗತಿ. ವಿದ್ಯಾರ್ಥಿನಿ ಈಗ ಅದನ್ನೇ ಅಳೆಯುತ್ತಿದ್ದಾಳೆ. ಪ್ರತಿ ತುಂಡಿನ ಇಂಟರ್‌ಫೆರೋಗ್ರಾಮನ್ನೂ ಉಳಿಸುತ್ತಿದ್ದಾಳೆ.